ಅಮೆರಿಕ ಚುನಾವಣೆ ಶೀಟ್: ಕೊನೆಯ ಆರು ವಾರ

ಸೆಪ್ಟೆಂಬರ್ 25, 2024

ಅಧ್ಯಕ್ಷ ಚುನಾವಣೆಯ ಪೋಲ್‌ಗಳನ್ನು (ಮತದಾರರ ಸಮೀಕ್ಷೆಗಳು) ತುಂಬಿಸಿಡುವ ನನ್ನ ಶೀಟ್ ಈಗ ಒಂದು ಹದಕ್ಕೆ ಬಂದಿದೆ. ಏಳು ಸ್ವಿಂಗ್ ರಾಜ್ಯ (ಯಾರ ಕಡೆ ಬೇಕಾದರೂ ವಾಲಬಹುದಾದವು), ಏಳು ಟ್ಯಾಬ್. ಪೆನ್ಸಿಲ್ವೇನಿಯಾ 19, ಜಾರ್ಜಿಯಾ 16, ನಾರ್ತ್ ಕ್ಯಾರೊಲಿನಾ 16, ಮಿಷಿಗನ್ 15, ಅರಿಜೋನಾ 11, ವಿಸ್ಕಾನ್ಸಿನ್ 10, ನೆವಾಡಾ 6. ಒಟ್ಟು 93 ಎಲೆಕ್ಟೋರಲ್ ಮತ, ಅಂದರೆ ರಾಜ್ಯ ಗೆದ್ದವರಿಗೆ ಸಿಗುವ, ಅಧ್ಯಕ್ಷರನ್ನು ಆರಿಸುವ ಮತ. ಉಳಿದ ಕಡೆ ಫಲಿತಾಂಶ ಹೆಚ್ಚುಕಡಿಮೆ ಗೊತ್ತಿರುವುದೇ. ಅಲ್ಲಿ ಹ್ಯಾರಿಸ್‌ಗೆ 226, ಟ್ರಂಪ್‌ಗೆ 219 ಅಂತ ಹಂಚಿಬಿಟ್ಟಿದ್ದೇನೆ. ಗೆಲ್ಲಲು 270 ಬೇಕು. ಜುಲೈ 21ಕ್ಕೆ ಬೈಡನ್ ಹಿಂದೆ ಸರಿದರಲ್ಲ, ಅದಕ್ಕಿಂತ ಹಳೆಯ ಪೋಲ್‌ಗಳನ್ನೆಲ್ಲ ತೆಗೆದುಹಾಕಿದೆ.

ಆ 226ರಲ್ಲಿ ಒಂದೇ ಒಂದು ಮತ ಈ ವಾರ ಎಲ್ಲರನ್ನೂ ಆಟ ಆಡಿಸಿತು. ನೆಬ್ರಾಸ್ಕಾ ರಾಜ್ಯ ತನ್ನ ಮತಗಳನ್ನು ಒಟ್ಟಾಗಿ ಒಬ್ಬರಿಗೇ ಕೊಡುವುದಿಲ್ಲ. ಅದರಲ್ಲಿ ಒಮಾಹಾ ಸುತ್ತಮುತ್ತಲಿನ ಎರಡನೇ ಜಿಲ್ಲೆ ಡೆಮಾಕ್ರಾಟರ ಕಡೆ ವಾಲಿದೆ. ಹ್ಯಾರಿಸ್ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರನ್ನು ಮಾತ್ರ ಗೆದ್ದರೆ ಸರಿಯಾಗಿ 270. ಒಮಾಹಾ ಕೈತಪ್ಪಿದರೆ 269-269. ಆಮೇಲೆ ತೀರ್ಮಾನ ಪ್ರತಿನಿಧಿ ಸಭೆಯದು. ಅಲ್ಲಿ ರಾಜ್ಯಕ್ಕೊಂದೇ ಮತ. ಕ್ಯಾಲಿಫೋರ್ನಿಯಾಗೂ ಒಂದು, ವಯೋಮಿಂಗ್‌ಗೂ ಒಂದು. ಅದರಿಂದ ಲಾಭ ಟ್ರಂಪ್‌ಗೆ. ಹಾಗಾಗಿ ಟ್ರಂಪ್ ಪಕ್ಷದ ಸೆನೆಟರ್ ಲಿಂಡ್ಸೆ ಗ್ರಹಾಂ ಖುದ್ದು ನೆಬ್ರಾಸ್ಕಾಗೆ ಹೋಗಿ, ಎಲ್ಲ ಮತ ಒಬ್ಬರಿಗೇ ಹೋಗುವಂತೆ ನಿಯಮ ಬದಲಿಸಿ ಅಂತ ರಿಪಬ್ಲಿಕನ್ ಶಾಸಕರನ್ನು ಒಪ್ಪಿಸಲು ನೋಡಿದರು. ಒಮಾಹಾದ ಮೈಕ್ ಮ್ಯಾಕ್‌ಡಾನೆಲ್ ಮಾತ್ರ ಒಪ್ಪಲಿಲ್ಲ. ಈ ವರ್ಷವಷ್ಟೇ ಡೆಮಾಕ್ರಾಟ್ ಪಕ್ಷ ಬಿಟ್ಟು ರಿಪಬ್ಲಿಕನ್ ಕಡೆ ಹೋದವರು ಇವರು. ಪಕ್ಷ ಬದಲಿಸಿದವರ ಮೇಲೆ ಅಲ್ಲೂ ಇಷ್ಟು ಭಾರ ಬೀಳುತ್ತದೆ ಅಂತ ಗೊತ್ತಿರಲಿಲ್ಲ. 226 ಹಾಗೇ ಉಳಿಯಿತು.

ಇನ್ನೊಂದು ಕಾಲಂ ಸೇರಿಸಿದೆ: ಪೋಲ್‌ನಲ್ಲಿ ಕೆನಡಿ ಹೆಸರು ಇದೆಯೋ ಇಲ್ಲವೋ. ಪಕ್ಷೇತರ ಅಭ್ಯರ್ಥಿ ರಾಬರ್ಟ್ ಕೆನಡಿ ಜೂನಿಯರ್ ಆಗಸ್ಟ್‌ನಲ್ಲೇ ಟ್ರಂಪ್‌ಗೆ ಬೆಂಬಲ ಕೊಟ್ಟು ಪ್ರಚಾರ ನಿಲ್ಲಿಸಿದರು. ಆದರೆ ಮಿಷಿಗನ್, ವಿಸ್ಕಾನ್ಸಿನ್ ಮತಪತ್ರದಲ್ಲಿ ಅವರ ಹೆಸರು ಉಳಿದುಕೊಂಡಿದೆ. (ಮಿಷಿಗನ್ ಟ್ಯಾಬ್ ನಾನು ಮೊದಲು ತೆರೆಯುವುದಕ್ಕೆ ಬೇರೆ ಕಾರಣ ಇದೆ. ಡೆಟ್ರಾಯಿಟ್ ಭಾಗದ ಸಂಸದ ಶ್ರೀ ಥಾನೇದಾರ್ ನಮ್ಮ ಬೆಳಗಾವಿ ಕಡೆಯವರು. ಲೆಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.)

ಅಕ್ಟೋಬರ್ 20

ಪೋಲ್‌ಗಳ ಸರಾಸರಿ ನೋಡಿ ನೋಡಿ ಬೇಜಾರಾಗಿದೆ. ಏಳೂ ರಾಜ್ಯ ಸಮಸಮ. ಹಾಗಾಗಿ ಯಾರು ಮುಂದೆ ಅನ್ನುವುದನ್ನು ಬಿಟ್ಟು, ಪೋಲ್‌ಗಳು ಒಂದಕ್ಕೊಂದು ಎಷ್ಟು ದೂರ ಇವೆ ಅಂತ ನೋಡಲು ಹೊಸ ಕಾಲಂ ಮಾಡಿದೆ. ಕುತೂಹಲ ಇರುವುದು ಇಲ್ಲೇ.

800 ಜನರನ್ನು ಕೇಳುವ ಒಂದು ಪೋಲ್ ತಗೊಳ್ಳಿ. ನಿಜವಾಗಿಯೂ ಇಬ್ಬರೂ ಸಮ ಇದ್ದಾರೆ ಅಂತಲೇ ಇಟ್ಟುಕೊಳ್ಳಿ. ಯಾರು ಫೋನಿಗೆ ಸಿಕ್ಕರು ಅನ್ನುವ ಅದೃಷ್ಟದಿಂದಲೇ ಮುನ್ನಡೆ ಅತ್ತಿತ್ತ ಮೂರೂವರೆ ಪಾಯಿಂಟ್ ಅಲ್ಲಾಡುವುದು ಮಾಮೂಲು. ಅಂದರೆ ಸುಮಾರು ಅರ್ಧದಷ್ಟು ಪೋಲ್‌ಗಳು ಯಾರಾದರೊಬ್ಬರಿಗೆ ಎರಡೂವರೆ ಪಾಯಿಂಟ್‌ಗಿಂತ ಜಾಸ್ತಿ ಮುನ್ನಡೆ ತೋರಿಸಬೇಕು. ಆಗೊಮ್ಮೆ ಈಗೊಮ್ಮೆ 6, 7 ಕೂಡ ಬರಬೇಕು. ನನ್ನ ಶೀಟ್‌ನಲ್ಲಿ ಸಾಲುಸಾಲಾಗಿ 0, 1, 0, 1, 2. ಒಬ್ಬರ ಉತ್ತರಪತ್ರಿಕೆ ನೋಡಿ ಇನ್ನೊಬ್ಬರು ಬರೆದಂತೆ.

ಅಕ್ಟೋಬರ್ 27

ಪೋಲ್‌ಗಳೆಲ್ಲ ಹೀಗೆ ಒಂದೇ ಥರ ಬರುವುದಕ್ಕೆ ಎರಡು ಕಾರಣ ಕಾಣುತ್ತಿದೆ. ಒಂದು ಭಯ. 2020ರಲ್ಲಿ ಪೋಲ್‌ಗಳು 40 ವರ್ಷಗಳಲ್ಲೇ ಇಲ್ಲದಷ್ಟು ಎಡವಿದವು. ಮತ್ತೆ ಒಬ್ಬರೇ ಎದ್ದು ಕಾಣುವುದು ಯಾರಿಗೂ ಬೇಡ. ಬೇರೆ ಥರ ಬಂದ ಸಂಖ್ಯೆಯನ್ನು ತಿದ್ದುವುದೋ, ಪ್ರಕಟಿಸದೇ ಇಡುವುದೋ ನಡೆಯುತ್ತದೆ ಅನ್ನುವ ಅನುಮಾನ ಚುನಾವಣಾ ಲೆಕ್ಕಗಳಿಗೆ ಹೆಸರಾದ ನೇಟ್ ಸಿಲ್ವರ್ ಅಂಥವರಿಗೂ ಇದೆ.

ಎರಡನೆಯದು ಲೆಕ್ಕದ ವಿಧಾನ. ಹೋದ ಸಲ ಯಾರಿಗೆ ಮತ ಹಾಕಿದಿರಿ ಅಂತ ಕೇಳಿ, ಆ ಉತ್ತರ 2020ರ ಫಲಿತಾಂಶಕ್ಕೆ ಹೊಂದುವ ಹಾಗೆ ಕೆಲವರ ಉತ್ತರಕ್ಕೆ ಹೆಚ್ಚು, ಕೆಲವರದಕ್ಕೆ ಕಡಿಮೆ ತೂಕ ಕೊಡುತ್ತಾರೆ. ಟ್ರಂಪ್ ಬೆಂಬಲಿಗರು ಕಡಿಮೆ ಸಿಕ್ಕಿದ್ದರೆ ಇದು ಸರಿಮಾಡುತ್ತದೆ, ಒಪ್ಪೋಣ. ಆದರೆ ಜನ ಗೆದ್ದವರಿಗೇ ಹಾಕಿದ್ದೆವು ಅಂತ ಹೇಳುವುದು ಜಾಸ್ತಿ. ಜೊತೆಗೆ ಎಲ್ಲ ಪೋಲ್‌ಗಳೂ 2020ರ ಗೂಟಕ್ಕೇ ಕಟ್ಟಿಹಾಕಿದಂತಾಗುತ್ತವೆ. ಈ ವಿಧಾನ ಬಳಸಿದವರು, ಬಳಸದವರು ಅಂತ ಎರಡು ಬಣ್ಣ ಹಚ್ಚುತ್ತಿದ್ದೇನೆ. ವಿಧಾನ ಬಿಡಿಸಿ ಹೇಳದವರೇ ಬಹಳ. ಅವರಿಗೆ ಬೂದು ಬಣ್ಣ.

ನವೆಂಬರ್ 3

ಬೆಳಗ್ಗೆ ನೋಡಿದರೆ ಅಯೋವಾ! ಅಲ್ಲಿ ಸಮೀಕ್ಷೆ ನಡೆಸುವ ಆನ್ ಸೆಲ್ಜರ್ ಅವರ ಪೋಲ್: ಹ್ಯಾರಿಸ್ 47, ಟ್ರಂಪ್ 44. ಟ್ರಂಪ್ 2020ರಲ್ಲಿ 8 ಪಾಯಿಂಟ್‌ನಿಂದ ಗೆದ್ದ ರಾಜ್ಯ ಅದು. ಬೇರೆ ಯಾರೋ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ 2016, 2020 ಎರಡರಲ್ಲೂ ಕೊನೆಯ ವಾರ ಟ್ರಂಪ್‌ಗೆ 7 ಪಾಯಿಂಟ್ ಮುನ್ನಡೆ ಅಂತ ಧೈರ್ಯವಾಗಿ ಬರೆದವರು ಇವರೇ. ಹೋದ ಚುನಾವಣೆಯ ಮತಕ್ಕೆ ತಾಳೆ ಹಾಕುವ ಪದ್ಧತಿಯೂ ಅವರಲ್ಲಿಲ್ಲ. ಅಯೋವಾಗೆ ನನ್ನಲ್ಲಿ ಟ್ಯಾಬ್ ಇಲ್ಲ. ಇವತ್ತು ಒಂದು ತೆರೆದೆ.

ನವೆಂಬರ್ 4

ಕೊನೆಯ ಕೆಲಸ, ಸಿಮ್ಯುಲೇಷನ್: ಚುನಾವಣೆಯನ್ನು ಶೀಟ್‌ನಲ್ಲೇ ಮತ್ತೆ ಮತ್ತೆ ನಡೆಸಿ ನೋಡುವುದು. ಏಳು ರಾಜ್ಯವನ್ನೂ ಬೇರೆ ಬೇರೆ ನಾಣ್ಯ ಅಂದುಕೊಂಡು ಚಿಮ್ಮಿದರೆ, ಒಬ್ಬರೇ ಏಳನ್ನೂ ಬಾಚುವುದು 64ರಲ್ಲಿ ಒಂದು ಸಲ. ಆದರೆ ಇವು ಬೇರೆ ಬೇರೆ ಅಲ್ಲವಲ್ಲ. ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ 1992ರಿಂದ ಪ್ರತಿ ಸಲ ಒಟ್ಟಿಗೇ ಹೋಗಿವೆ. 2016ರಲ್ಲಿ ಮೂರೂ ಒಂದು ಪಾಯಿಂಟ್‌ಗಿಂತ ಕಡಿಮೆ ಅಂತರದಲ್ಲಿ ಟ್ರಂಪ್ ಕಡೆ ಬಿದ್ದವು. ಒಂದು ಕಡೆ ಪೋಲ್ ತಪ್ಪಿದರೆ ಪಕ್ಕದ ರಾಜ್ಯದಲ್ಲೂ ಅದೇ ದಿಕ್ಕಿಗೆ ತಪ್ಪುತ್ತದೆ. ಎಲ್ಲ ರಾಜ್ಯಗಳಿಗೂ ಸೇರಿ ಒಂದು ಸಾಮಾನ್ಯ ತಪ್ಪು ಹಾಕಿ ಸಾವಿರಾರು ಸಲ ಓಡಿಸಿದೆ. ಚಿತ್ರವೇ ಬದಲಾಯಿತು. ಅತಿ ಹೆಚ್ಚು ಬಂದದ್ದು ಒಬ್ಬರೇ ಏಳನ್ನೂ ಗೆಲ್ಲುವ ಫಲಿತಾಂಶ. ಯಾರು ಅಂತ ಕೇಳಬೇಡಿ, ಶೀಟ್‌ಗೆ ಗೊತ್ತಿಲ್ಲ.

ಡಿಸೆಂಬರ್ 15

ಟ್ರಂಪ್ 312, ಹ್ಯಾರಿಸ್ 226. ಏಳೂ ಟ್ರಂಪ್‌ಗೆ. ವಿಸ್ಕಾನ್ಸಿನ್‌ನಲ್ಲಿ ಅಂತರ 0.9, ಮಿಷಿಗನ್ 1.4, ಪೆನ್ಸಿಲ್ವೇನಿಯಾ 1.7, ಅರಿಜೋನಾದಲ್ಲಿ 5.5. ದೇಶದ ಒಟ್ಟು ಮತ 49.8 - 48.3. ಸರಾಸರಿಗಳು ತಪ್ಪಿದ್ದು 2020ರಷ್ಟಲ್ಲ, ಆದರೆ ಏಳೂ ಕಡೆ ಒಂದೇ ದಿಕ್ಕಿಗೆ. ಅಯೋವಾದಲ್ಲಿ ಟ್ರಂಪ್ ಗೆದ್ದದ್ದು 13 ಪಾಯಿಂಟ್‌ನಿಂದ. ಸೆಲ್ಜರ್ ಅವರನ್ನು ಜನ ಹಿಗ್ಗಾಮುಗ್ಗಾ ಬೈದರು. ನನಗೆ ಮಾತ್ರ ಅವರ ಮೇಲೆ ಗೌರವ ಕಡಿಮೆಯಾಗಿಲ್ಲ. ಬಂದ ಸಂಖ್ಯೆಯನ್ನು ಬಂದ ಹಾಗೇ ಕೊಟ್ಟರು.

ಈಗ 2020ರ ಪೋಲ್‌ಗಳನ್ನು ಇದೇ ಶೀಟ್‌ಗೆ ತುಂಬುತ್ತಿದ್ದೇನೆ. ವಿಸ್ಕಾನ್ಸಿನ್ ಟ್ಯಾಬ್‌ನಲ್ಲಿ ಬೈಡನ್‌ಗೆ 17 ಪಾಯಿಂಟ್ ಮುನ್ನಡೆ ಕೊಟ್ಟ ಒಂದು ಪೋಲ್ ಇದೆ. ಅವರು ಗೆದ್ದದ್ದು 0.6ರಿಂದ. ಅಷ್ಟು ದೂರ ಹೋದ ಸಾಲು 2024ರ ಏಳು ಟ್ಯಾಬ್‌ಗಳಲ್ಲಿ ಒಂದೂ ಇಲ್ಲ.