‘ಲೈಫ್ ಆಫ್ ಪೈ’ಯಲ್ಲಿ ಕಿತ್ತಳೆ ಬಣ್ಣ ಎಂದರೆ ಭರವಸೆಯೇ?

ಯಾನ್ ಮಾರ್ಟೆಲ್ ಅವರ ಈ ಕಾದಂಬರಿ (2001) ಓದಿದವರು ತಪ್ಪದೆ ಕೇಳುವ ಪ್ರಶ್ನೆ: ಕಿತ್ತಳೆ ಬಣ್ಣ ಭರವಸೆಯ ಸಂಕೇತ ಅಂತಾರಲ್ಲ, ಹೌದಾ? ಪರೀಕ್ಷೆಯಲ್ಲಿ ಹೌದು ಅಂತ ಬರೆದರೆ ಅಂಕ ಸಿಕ್ಕೀತು. ಆದರೆ ಪುಸ್ತಕ ಅಷ್ಟಕ್ಕೆ ಒಪ್ಪುವುದಿಲ್ಲ.

ಮೊದಲು ದೋಣಿಯನ್ನೇ ನೋಡಿ. ಪಾಂಡಿಚೆರಿಯ ಹುಡುಗ ಪೈ ಮನೆಯವರೊಂದಿಗೆ, ಅಪ್ಪನ ಮೃಗಾಲಯದ ಪ್ರಾಣಿಗಳೊಂದಿಗೆ ಹೊರಟಿದ್ದ ಹಡಗು 1977ರ ಜುಲೈ 2ರಂದು ಮುಳುಗುತ್ತದೆ. ಅವನಿಗೆ ಉಳಿದದ್ದು 26 ಅಡಿ ಉದ್ದ, 8 ಅಡಿ ಅಗಲದ ಒಂದು ದೋಣಿ. ಅದರ ಒಳಮೈ, ಟಾರ್ಪಾಲು, ಹುಟ್ಟುಗಳು, ಲೈಫ್ ಜಾಕೆಟ್, ಕೊನೆಗೆ ಪ್ಲಾಸ್ಟಿಕ್ ಸೀಟಿಯೂ ಕಿತ್ತಳೆ. ಇದು ಲೇಖಕನ ಕಲ್ಪನೆಯೇನಲ್ಲ. ನೀಲಿ ನೀರಿನ ಮೇಲೆ ಎದ್ದು ಕಾಣುವ ಬಣ್ಣ ಅದು. ಸಮುದ್ರದ ಜೀವರಕ್ಷಕ ಸಾಮಗ್ರಿ ಕೆಂಪು ಮಿಶ್ರಿತ ಕಿತ್ತಳೆಯಲ್ಲೋ ಅಷ್ಟೇ ಕಣ್ಣಿಗೆ ಹೊಡೆಯುವ ಬೇರೆ ಬಣ್ಣದಲ್ಲೋ ಇರಬೇಕು ಎಂಬ ಅಂತಾರಾಷ್ಟ್ರೀಯ ನಿಯಮವೇ ಇದೆ. ಅಂದರೆ ದೂರದವರ ಕಣ್ಣಿಗೆ ಬೀಳುವುದು ಈ ಬಣ್ಣದ ಕೆಲಸ. ಆ ಕೆಲಸ ಇಲ್ಲಿ ಸೋಲುತ್ತದೆ. ಒಂದು ತೈಲದ ಹಡಗು ದೋಣಿಗೆ ಡಿಕ್ಕಿ ಹೊಡೆಯುವಷ್ಟು ಹತ್ತಿರ ಬಂದರೂ ಪೈಯನ್ನು ಕಾಣದೆ ಹೊರಟುಹೋಗುತ್ತದೆ. 227 ದಿನ ಅವನ ಸುತ್ತಲೂ ಇದ್ದದ್ದು ಯಾರೂ ನೋಡದ ಆ ಬಣ್ಣವೇ.

ಇನ್ನು ಅದೇ ದೋಣಿ ಹತ್ತಿದ ಹುಲಿ. ರಿಚರ್ಡ್ ಪಾರ್ಕರ್ ಎಂಬ ಈ ಹುಲಿ ಕೂಡ ಕಿತ್ತಳೆಯೇ, ಸುಮಾರು 200 ಕಿಲೋ ತೂಕದ ಸಾವು. ಅದನ್ನು ಹದ್ದುಬಸ್ತಿನಲ್ಲಿಡುವುದು ಆ ಸೀಟಿ. ದೋಣಿಯನ್ನು ಅಲೆಗೆ ಅಡ್ಡ ತಿರುಗಿಸಿ ಹುಲಿಗೆ ಹೊಟ್ಟೆ ತೊಳಸುವಾಗಲೇ ಸೀಟಿ ಊದುತ್ತಾನೆ; ಆಮೇಲೆ ಬರೀ ಸದ್ದು ಕೇಳಿದರೂ ಅದು ಹಿಂದೆ ಸರಿಯುತ್ತದೆ. ಅಪಾಯವೂ ಕಿತ್ತಳೆ, ಅದಕ್ಕೆ ಮದ್ದೂ ಕಿತ್ತಳೆ. ಹುಲಿ ಇರದಿದ್ದರೆ ತಾನೇ ಉಳಿಯುತ್ತಿರಲಿಲ್ಲ ಎಂದು ಪೈ ಒಪ್ಪಿಕೊಳ್ಳುತ್ತಾನೆ. ನನ್ನ ಮಟ್ಟಿಗೆ ಈ ಬಣ್ಣ ಭರವಸೆಗಿಂತ ಎಚ್ಚರಕ್ಕೆ ಹತ್ತಿರ.

ಆರೆಂಜ್ ಜ್ಯೂಸ್ ಎಂಬ ಒರಾಂಗುಟಾನ್, ಅಂದರೆ ಕೆಂಪು ಮಿಶ್ರಿತ ಕಿತ್ತಳೆ ಕೂದಲಿನ ದೊಡ್ಡ ವಾನರದ ಕತೆ ಬೇರೆ. (‘ಒರಾಂಗುಟಾನ್’ ಎಂಬ ಪದಕ್ಕೂ ಹಣ್ಣಿಗೂ ಸಂಬಂಧವಿಲ್ಲ, ಮಲಯ ಭಾಷೆಯಲ್ಲಿ ಅದು ‘ಕಾಡಿನ ಮನುಷ್ಯ’.) ಬಾಳೆಹಣ್ಣಿನ ರಾಶಿಯ ಮೇಲೆ ತೇಲಿ ಬರುವ ಅವಳು, ಪ್ರಾಣಿಗಳ ಬದಲು ಮನುಷ್ಯರನ್ನಿಟ್ಟು ಪೈ ಕೊನೆಯಲ್ಲಿ ಹೇಳುವ ಎರಡನೇ ಕತೆಯಲ್ಲಿ ಅವನ ತಾಯಿ. ದೋಣಿಯಲ್ಲೇ ಇದ್ದ ಕತ್ತೆಕಿರುಬ ಅವಳನ್ನು ಕೊಲ್ಲುತ್ತದೆ. ಆ ಜಾಗದಲ್ಲಿ ಭರವಸೆ ಎಂದು ಬರೆಯಲು ಕೈ ಏಳಬಾರದು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಬದುಕುಳಿಯುವವರ ಬಣ್ಣ, ಹಿಂದೂಗಳ ಬಣ್ಣ ಎರಡೂ ಒಂದೇ ಎಂದು ಪೈ ಒಂದೇ ಉಸಿರಿಗೆ ಹೇಳುತ್ತಾನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಸಾಕು. ನಮಗೆ ಜಾಕೆಟ್ಟಿಗೆ ಕಿತ್ತಳೆ, ಧ್ವಜಕ್ಕೆ ಕೇಸರಿ, ಸನ್ಯಾಸಿಯ ಬಟ್ಟೆಗೆ ಕಾವಿ. ಕೇಸರಿ ಅಂದರೆ ಸಿಂಹವೂ ಹೌದು, ಹುಲಿಗೆ ಆ ಪದ ಹಚ್ಚಿದರೆ ಫಜೀತಿ. ಕನ್ನಡದಲ್ಲಿ ಚರ್ಚಿಸುವವರು ‘ಕಿತ್ತಳೆ’ಯನ್ನೇ ಹಿಡಿಯಿರಿ, ಪದ ಬದಲಾದರೆ ಎಳೆ ತುಂಡಾಗುತ್ತದೆ.

ಹಸಿರಿನಲ್ಲಿ ಜನ ಇನ್ನೂ ಹೆಚ್ಚು ಎಡವುತ್ತಾರೆ. ಪಾಚಿಯ ದ್ವೀಪ ಕಂಡಾಗ ಪೈ ಹಸಿರನ್ನು ಇಸ್ಲಾಮಿನ ಬಣ್ಣ, ತನ್ನ ಮೆಚ್ಚಿನ ಬಣ್ಣ ಎನ್ನುತ್ತಾನೆ. ಆದರೆ ರಾತ್ರಿಯಾದರೆ ಆ ಪಾಚಿ ಜೀವಿಗಳನ್ನು ಕರಗಿಸಿ ತಿನ್ನುತ್ತದೆ. ಹಣ್ಣು ಎಂದು ಬಿಡಿಸಿದ್ದರಲ್ಲಿ ಎಲೆ ಸುತ್ತಿದ ಮನುಷ್ಯನ ಹಲ್ಲುಗಳು, ಒಟ್ಟು 32. ‘ಹಸಿರು ಎಂದರೆ ಜೀವ’ ಎಂದು ಅಲ್ಲಿಗೆ ಟಿಪ್ಪಣಿ ಬರೆದುಕೊಂಡವರು ಮುಂದಿನ ಪುಟಗಳನ್ನು ಓದಿಲ್ಲ.

ಅದಕ್ಕೇ ನಿಘಂಟಿನ ಹಾಗೆ ಬಣ್ಣಕ್ಕೊಂದು ಅರ್ಥ ಅಂಟಿಸಬೇಡಿ. ಬಣ್ಣ ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ಮೂರೇ ಸಂಗತಿ ಬರೆಯಿರಿ: ಯಾವ ವಸ್ತು, ಯಾರ ಕೈಯಲ್ಲಿ, ಆಮೇಲೆ ಏನಾಯಿತು. ಡೊರಾಡೊ ಮೀನಿನ ಜಾಗದಲ್ಲಿ ಇದನ್ನು ಪ್ರಯತ್ನಿಸಿ. ಮೊದಲು ಹಾರುವ ಮೀನೊಂದನ್ನು ಕೊಂದು ಅತ್ತ ಸಸ್ಯಾಹಾರಿ ಹುಡುಗ, ಸ್ವಲ್ಪ ಹೊತ್ತಿನಲ್ಲೇ ಡೊರಾಡೊವನ್ನು ಹಿಗ್ಗಿನಿಂದ ಬಡಿಯುತ್ತಾನೆ. ಸಾಯುತ್ತ ಅದರ ಮೈಮೇಲೆ ನೀಲಿ, ಹಸಿರು, ಕೆಂಪು, ಚಿನ್ನದ ಬಣ್ಣ ಮಿನುಗುತ್ತವೆ. ಪುಸ್ತಕದ ಅತಿ ಸುಂದರ ಬಣ್ಣಗಳು ಬರುವುದು ಅವನ ಕೈಯಿಂದಾದ ಕೊಲೆಯಲ್ಲಿ.

ಗುರುತು ಹಾಕಲು ಶುರು ಮಾಡಬೇಕಾದದ್ದು ದೋಣಿಯಿಂದಲ್ಲ, 36ನೇ ಅಧ್ಯಾಯದಿಂದ. ಹಡಗು ಮುಳುಗುವ ಮುಂಚಿನ ಪುಟ ಅದು. ಬೆಳೆದು ಸಂಸಾರಸ್ಥನಾದ ಪೈಯ ಮನೆಯಲ್ಲಿ ಪುಟ್ಟ ಮಗಳು ಬಾಗಿಲಲ್ಲಿ ನಿಂತಿರುತ್ತಾಳೆ, ತೋಳಿನಲ್ಲಿ ಒಂದು ಕಿತ್ತಳೆ ಬೆಕ್ಕು.