ಅಳಿವೆಯ ಉಪ್ಪು, ಘಟ್ಟದ ಮೇಲಿನ ನೀರು

ನಾನಿರುವುದು ಸಾಗರದಲ್ಲಿ. ನೀರಿನ ಪರೀಕ್ಷೆ ನನ್ನ ಕೆಲಸ. ಬಾವಿ, ಕೆರೆಗಳೇ ಜಾಸ್ತಿ. ಬೇಸಿಗೆಯಲ್ಲಿ ಮಾತ್ರ ಘಟ್ಟ ಇಳಿದು ಶರಾವತಿ, ಅಘನಾಶಿನಿ ನದಿಗಳ ಅಳಿವೆಗಳಲ್ಲಿ, ಅಂದರೆ ಅವು ಸಮುದ್ರ ಸೇರುವ ಕಡೆ, ನೀರಿನ ಉಪ್ಪು ಅಳೆಯುತ್ತೇನೆ. ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಉಪ್ಪಿನ ಅಂಕಿಯೊಂದನ್ನೇ ಬರೆದು ಬರಬೇಡಿ. ಆಗ ಉಬ್ಬರವಿತ್ತೋ ಇಳಿತವೋ, ನೀರು ಮೇಲಿನದೋ ತಳದ್ದೋ, ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೋ ಇಲ್ಲವೋ, ಅದನ್ನೂ ಬರೆಯಿರಿ.

ಅಳೆಯುವುದೇನೋ ಸುಲಭ. ಉಪ್ಪು ಅಳೆಯುವ ಕೈಯಳತೆಯ ಉಪಕರಣ ರಿಫ್ರಾಕ್ಟೋಮೀಟರ್. ಅದರ ಗಾಜಿನ ಮೇಲೆ ಒಂದೆರಡು ಹನಿ ಬಿಟ್ಟು, ಮುಚ್ಚಳ ಮುಚ್ಚಿ ಬೆಳಕಿಗೆ ಹಿಡಿದರೆ ನೀಲಿ, ಬಿಳಿ ಸೇರುವ ಗೆರೆ ಕಾಣುತ್ತದೆ. ಸಮುದ್ರದ ನೀರಾದರೆ ಗೆರೆ 35ರ ಹತ್ತಿರ ನಿಲ್ಲುತ್ತದೆ, ಅಂದರೆ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಕಷ್ಟ ಇರುವುದು ಆ ಹನಿಯನ್ನು ಎಲ್ಲಿಂದ ತರಬೇಕು ಎನ್ನುವುದರಲ್ಲಿ. ಸಿಹಿನೀರು ಹಗುರ, ಮೇಲೆ ನಿಲ್ಲುತ್ತದೆ. ಉಪ್ಪುನೀರು ತಳ ಹಿಡಿಯುತ್ತದೆ. ಬಳಚು, ಅಂದರೆ ಜನ ಆರಿಸಿ ತಿನ್ನುವ ಎರಡು ಚಿಪ್ಪಿನ ಜೀವಿ, ಬದುಕುವುದು ತಳದ ಮರಳು, ಕೆಸರಿನಲ್ಲಿ ಅಲ್ವಾ? ದೋಣಿಯಲ್ಲಿ ಕೂತು ಸುಮ್ನೆ ಮೇಲಿಂದ ಮೊಗೆದರೆ ಅದರ ಪಾಡು ತಿಳಿಯುವುದಿಲ್ಲ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅಳಿವೆ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಉಪ್ಪೇರುತ್ತದೆ. ಬಳಚು ಆರಿಸುವವರು, ಗಜನಿಯಲ್ಲಿ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರು ನಂಬಿರುವುದು ಈ ಏರಿಳಿತವನ್ನೇ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಶರಾವತಿಯ ಕತೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪದ ಅಣೆಕಟ್ಟು. ಕರೆಂಟ್ ತೆಗೆದ ನೀರು ಬೇಸಿಗೆಯಲ್ಲೂ ಕೆಳಗೆ ಹರಿಯುತ್ತದೆ. ಉಪ್ಪು ಏರಬೇಕಾದಷ್ಟು ಏರುವುದಿಲ್ಲ. ಬಳಚಿನ ಜಾತಿಗಳು ಇಲ್ಲಿ ಅಘನಾಶಿನಿಗಿಂತ ಕಡಿಮೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ದಾಖಲಿಸಿದ್ದಾರೆ. ಕೊಳೆ, ವಿಷ ಇದ್ದರೆ ಮಾತ್ರ ನೀರು ಕೆಟ್ಟಿದೆ ಅಂದುಕೊಳ್ಳುತ್ತೇವೆ. ಕುಡಿಯಲು ಯೋಗ್ಯವಾದ ಸಿಹಿನೀರೂ ಹೊತ್ತಲ್ಲದ ಹೊತ್ತಲ್ಲಿ ಬಂದರೆ ಅಳಿವೆಗೆ ಪೆಟ್ಟೇ.

ಮರಳು ಎತ್ತುವುದು, ಮಿತಿಮೀರಿ ಬಳಚು ಬಾಚುವುದು, ಇವುಗಳಿಂದಲೂ ಹಾನಿ ಇದೆ. ಅಳಿವೆ ದಡದಲ್ಲಿ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ನೆಡುವುದು ಒಳ್ಳೆಯದೇ. ಆದರೆ ನೀರಿನ ಕೀಲಿ ಇರುವುದು ಘಟ್ಟದ ಮೇಲೆ, ನಮ್ಮ ಕಡೆ. ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ಕರೆಂಟ್ ತೆಗೆಯುವ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಾಗ ಇಲ್ಲಿ ಕಾಡು, ಸಿಂಗಳೀಕದ ಮಾತು ಎದ್ದಿತು, ಏಳಲೇಬೇಕು. ಹೊನ್ನಾವರದಲ್ಲಿರುವ ಶರಾವತಿ ಅಳಿವೆಯ ಉಪ್ಪಿನ ಪ್ರಶ್ನೆಯನ್ನೂ ನಾವೇ ಕೇಳಬೇಕು. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನೀರು ಬಿಡುತ್ತಾರೆ ಎಂಬುದು ಕೆಳಗಿನ ಮೀನುಗಾರರಿಗೆ ಮೊದಲೇ ಗೊತ್ತಾಗುವ ಹಾಗೆ ಮಾಡಿ ಎಂದು ಕೇಳುವುದರಿಂದಲೇ ಶುರು ಮಾಡಬಹುದು.