ಇಂಗ್ಲಿಷ್ ಮಾಸ್ಟ್ರು ಕಲಿಸಿದ ‘ವೀ’

ಎಂಟನೇ ಕ್ಲಾಸಿನಲ್ಲಿ ನೌನ್ ಪಾಠ ಶುರುವಾದ ದಿನ ನಮ್ಮ ಇಂಗ್ಲಿಷ್ ಮಾಸ್ಟ್ರು ಪುಸ್ತಕ ತೆಗೀಲಿಕ್ಕೇ ಹೇಳ್ಲಿಲ್ಲ, ಎಲ್ರೂ ತಲೆ ಮೇಲಿನ ಮಾಡು ನೋಡಿ ಅಂದ್ರು. ಹಂಚಿನ ಮಾಡು, ಹೊರಗೆ ಜೋರು ಮಳೆ. ಹಂಚು ಅಂದ್ರೆ ಕಾಮನ್ ನೌನ್, ಯಾರ ಮನೆ ಹಂಚಿಗೂ ಅದೇ ಹೆಸರು. ಅದನ್ನು ಮಾಡಿದ ಮಣ್ಣು ಮೆಟೀರಿಯಲ್ ನೌನ್, ಹಂಚನ್ನು ಎಣಿಸ್ಬಹುದು ಮಣ್ಣನ್ನು ಎಣಿಸ್ಲಿಕ್ಕೆ ಆಗುದಿಲ್ಲ, ಬುಟ್ಟಿ ಲೆಕ್ಕದಲ್ಲಿ ಹೇಳ್ಬೇಕು. 1865ರಲ್ಲಿ ಬಾಸೆಲ್ ಮಿಷನಿನವ್ರು ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು, ಆ ಜೆಪ್ಪು ಪ್ರಾಪರ್ ನೌನ್, ಕ್ಯಾಪಿಟಲ್ ಅಕ್ಷರ ಬಿಡ್ಬೇಡಿ. ಬೇಸಿಗೆಯಲ್ಲಿ ಹಂಚಿನಡಿ ಕೂತ್ರೆ ಸಿಗುವ ತಂಪು ಉಂಟಲ್ಲ, ಅದು ಅಬ್‌ಸ್ಟ್ರಾಕ್ಟ್. ಕಲೆಕ್ಟಿವಿಗೆ ಮಾತ್ರ ಮೀನಿನ ದೋಣಿ ನಿಲ್ಲುವ ದಕ್ಕೆಗೆ ಹೋಗ್ಬೇಕಾಯ್ತು, ಬೂತಾಯಿ ಮೀನಿನ ಹಿಂಡಿಗೆ ಶೋಲ್ ಅಂತಾರೆ ಅಂದ್ರು. ಅಷ್ಟೇ, ನೌನ್ ಮುಗೀತು, ನಂಗೆ ಇವತ್ತಿಗೂ ಮರ್ತಿಲ್ಲ.

ಪ್ರೊನೌನಿನಲ್ಲಿ ನಾವು ನಿಜವಾಗಿ ಸಿಕ್ಕಿಬಿದ್ದದ್ದು. ಹೆಡ್‌ಮಾಸ್ಟ್ರ ಬಗ್ಗೆ ಐದು ವಾಕ್ಯ ಬರೀರಿ ಅಂದಾಗ ನಾನು ‘ದೇ ಆರ್ ವೆರಿ ಸ್ಟ್ರಿಕ್ಟ್’ ಅಂತ ಬರ್ದೆ, ದೊಡ್ಡವ್ರನ್ನು ಅವರು ಅಂತ ಹೇಳಿ ಅಭ್ಯಾಸ, ‘ಹೀ’ ಬರೀಲಿಕ್ಕೆ ಕೈಯೇ ಬರ್ಲಿಲ್ಲ. ಮಾಸ್ಟ್ರು ಕೆಂಪು ಗೆರೆ ಹಾಕ್ಲಿಲ್ಲ. ಹತ್ರ ಕರ್ದು, ನಿನ್ನ ಮನಸ್ಸು ಸರಿ ಉಂಟು ಮಗಾ, ಆದ್ರೆ ಆ ಭಾಷೆಯಲ್ಲಿ ಮರ್ಯಾದೆ ‘ಹೀ’ಯೊಳಗೆ ಇರುದಿಲ್ಲ, ನೀನು ‘ದೇ’ ಅಂದ್ರೆ ಓದಿದವ್ರು ನಮ್ಮ ಶಾಲೆಗೆ ಇಬ್ರು ಮೂರು ಜನ ಹೆಡ್‌ಮಾಸ್ಟ್ರು ಅಂತ ತಿಳ್ಕೊಳ್ತಾರೆ ಅಂದ್ರು. ತಪ್ಪು ಎಲ್ಲಿಂದ ಬಂತು ಅಂತ ಹುಡುಕುವ ಮಾಸ್ಟ್ರು ನಂಗೆ ಆಮೇಲೆ ಕಾಲೇಜಿನಲ್ಲೂ ಸಿಗ್ಲಿಲ್ಲ.

ಮತ್ತೊಂದು ದಿನ ‘ವೀ’. ಬೋರ್ಡಿನಲ್ಲಿ ‘ವೀ’ ಬರ್ದು, ಮನೆಯಲ್ಲಿ ತುಳು ಮಾತಾಡುವವ್ರು ಇದನ್ನು ಏನು ಹೇಳ್ತೀರಿ ಕೇಳಿದ್ರು. ಅರ್ಧ ಕ್ಲಾಸು ‘ನಮ’ ಅಂತು, ಅರ್ಧ ‘ಎಂಕುಲು’ ಅಂತು, ಗಲಾಟೆ. ಎರಡೂ ಸರಿ ಅಂದ್ರು. ಎದುರಿಗೆ ನಿಂತವ್ರನ್ನು ಸೇರಿಸಿದ್ರೆ ನಮ, ಅವ್ರನ್ನು ಬಿಟ್ಟು ನಾವು ಮಾತ್ರ ಆದ್ರೆ ಎಂಕುಲು. ಇಂಗ್ಲಿಷಿಗೆ ಆ ಭೇದ ಇಲ್ಲ, ಕನ್ನಡದ ‘ನಾವು’ಗೂ ಇಲ್ಲ, ಯಾರು ಸೇರಿದ್ದಾರೆ ಅಂತ ಮಾತಿನ ಸಂದರ್ಭದಿಂದಲೇ ತಿಳೀಬೇಕು. ಹುಟ್ಟಿದಾಗಿನಿಂದ ಮಾತಾಡಿದ ಭಾಷೆಯಲ್ಲಿ ಇಷ್ಟು ಸೂಕ್ಷ್ಮ ಉಂಟು ಅಂತ ಗೊತ್ತಾದದ್ದು ಇಂಗ್ಲಿಷ್ ಪಿರಿಯಡ್‌ನಲ್ಲಿ! ಶಾಲೆಯಲ್ಲಿ ತುಳು ಮಾತಾಡ್ಲಿಕ್ಕೆ ನಾಚ್ತಿದ್ದ ನಾನು ಅವತ್ತು ಮನೆಗೆ ಹೋಗಿ ಅಜ್ಜಿಯ ಹತ್ರ ಇದನ್ನೇ ಹೇಳಿದ್ದು.

ನಾವು ಹತ್ತನೇ ಮುಗಿಸಿದ ವರ್ಷವೇ ಮಾಸ್ಟ್ರಿಗೂ ರಿಟೈರ್ಮೆಂಟ್. ಸೆಂಡಾಫ್ ದಿನ ಗೇಟಿನ ಹತ್ರ ‘ಎಂಕುಲು ಪೋಪ ಸಾರ್’ (ನಾವು ಹೋಗ್ತೇವೆ) ಅಂದ್ವಿ. ಅವ್ರು ಕೊಡೆ ಬಿಡಿಸ್ತಾ ‘ನಮ ಪೋಯಿ’ (ನಾವು ಹೋಗುವ) ಅಂದು ಬಸ್‌ಸ್ಟಾಪಿನವರೆಗೆ ನಮ್ಮ ಒಟ್ಟಿಗೇ ನಡ್ಕೊಂಡು ಬಂದ್ರು.